ನಿಸರ್ಗ ಚಂಡಮಾರುತ: ಥಾಣೆ, ಡೊಂಬಿವಲಿಯಲ್ಲಿ ಎಲ್ಲ ಮುಚ್ಚಿಸಿದ್ದು ಅತಿಯಾಯಿತೇ?

2020ರ ಜೂನ್ 3ರ ಸಂಜೆ ಗಾಳಿಯ ಅಬ್ಬರ ತಗ್ಗುತ್ತಿದ್ದಂತೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈಗಳಲ್ಲಿ ಒಂದು ಪ್ರಶ್ನೆ ಎದ್ದಿತು. ಇಷ್ಟಕ್ಕೇನಾ ಇಷ್ಟೆಲ್ಲ ಮಾಡಿದ್ದು? ಎರಡು ದಿನ ಟಿವಿ ತುಂಬ ನಿಸರ್ಗ ಚಂಡಮಾರುತದ ಸುದ್ದಿಯೇ. ಮನೆಯಿಂದ ಹೊರಗೆ ಕಾಲಿಡಬೇಡಿ ಎಂದು ಸರ್ಕಾರ ಹೇಳಿತ್ತು. ಕಡೆಗೆ ನೋಡಿದರೆ ಕೆಲವು ಮರ ಉರುಳಿದವು, ಕೆಲವೆಡೆ ಕರೆಂಟ್ ಹೋಯಿತು, ಒಂದಿಷ್ಟು ಮಳೆ ಬಂತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಎಂದು ಮಾತಾಡಿಕೊಂಡವರೂ ಇದ್ದರು.

ಈ ಪ್ರಶ್ನೆ ಆಗ ಹೊಸದಲ್ಲ, ಈಗ ಹಳೆಯದೂ ಆಗಿಲ್ಲ. 2009ರ ಫಯಾನ್, 2017ರ ಓಖಿ ಚಂಡಮಾರುತಗಳ ವೇಳೆಯೂ ಇದೇ ಮಾತು ಕೇಳಿಬಂದಿತ್ತು. ಅರಬ್ಬಿ ಸಮುದ್ರದಲ್ಲಿ ಮುಂದಿನ ಸುಳಿಗಾಳಿ ಎದ್ದಾಗಲೂ ಇದು ಏಳಲಿದೆ. ಹಾಗಾದರೆ ಅಂದಿನ ಮುನ್ನೆಚ್ಚರಿಕೆ ಸರಿಯಿತ್ತೇ, ಅತಿಯಾಗಿತ್ತೇ? ಉತ್ತರ ಬೇಕಾದರೆ ಜೂನ್ 3ರ ಸಂಜೆ ಏನಾಯಿತು ಎಂಬುದನ್ನು ಬಿಟ್ಟು, ಜೂನ್ 2ರಂದು ಅಧಿಕಾರಿಗಳ ಮುಂದೆ ಏನಿತ್ತು ಎಂಬುದನ್ನು ನೋಡಬೇಕು.

ಆ ಎರಡು ದಿನ ಏನೇನು ನಿಂತಿತ್ತು?

ಅದು ಕೊರೊನಾ ಲಾಕ್‌ಡೌನ್ ಕಾಲ. ಸಾಮಾನ್ಯ ಜನರಿಗೆ ಲೋಕಲ್ ರೈಲು ಮಾರ್ಚ್ ತಿಂಗಳಲ್ಲೇ ನಿಂತಿತ್ತು. ಮಹಾರಾಷ್ಟ್ರ ಸರ್ಕಾರ 'ಮಿಷನ್ ಬಿಗಿನ್ ಅಗೇನ್' ಹೆಸರಿನಲ್ಲಿ ಹಂತಹಂತವಾಗಿ ನಿರ್ಬಂಧ ಸಡಿಲಿಸಲು ಹೊರಟಿತ್ತು. ಮೊದಲ ಹಂತ ಶುರುವಾಗಬೇಕಿದ್ದದ್ದು ಸರಿಯಾಗಿ ಜೂನ್ 3ರಂದೇ. ಪ್ಲಂಬರ್, ಎಲೆಕ್ಟ್ರಿಷಿಯನ್, ಗ್ಯಾರೇಜ್ ಕೆಲಸಗಾರರು ಎರಡೂವರೆ ತಿಂಗಳ ನಂತರ ದುಡಿಮೆಗೆ ಮರಳುವ ದಿನ ಅದು. ಅಂದೇ ಚಂಡಮಾರುತ ಬಂತು. ಎರಡು ದಿನ ಮನೆಯಲ್ಲೇ ಇರಿ ಎಂದು ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಮನವಿ ಮಾಡಿದರು. ಕರಾವಳಿ ಜಿಲ್ಲೆಗಳಲ್ಲಿ ಸಡಿಲಿಕೆ ಮುಂದಕ್ಕೆ ಹೋಯಿತು.

ಮುಂಬೈ ಪೊಲೀಸರು ಕಡಲತೀರ, ವಾಯುವಿಹಾರ ತಾಣಗಳಲ್ಲಿ ಸೆಕ್ಷನ್ 144 ಜಾರಿ ಮಾಡಿದರು. ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ ವಾಹನ ಸಂಚಾರ ನಿಂತಿತು. ಬಾಂದ್ರಾ-ಕುರ್ಲಾ ಸಂಕೀರ್ಣದ ಮೈದಾನದಲ್ಲಿ ಕಟ್ಟಿದ್ದ ತಾತ್ಕಾಲಿಕ ಕೊರೊನಾ ಆಸ್ಪತ್ರೆಯಿಂದ ಸುಮಾರು 150 ರೋಗಿಗಳನ್ನು ವರ್ಲಿಗೆ ಸಾಗಿಸಲಾಯಿತು. ಮಹಾರಾಷ್ಟ್ರ ಮತ್ತು ಗುಜರಾತ್ ಎರಡೂ ಸೇರಿ ಲಕ್ಷದಷ್ಟು ಜನರನ್ನು ತಗ್ಗು ಪ್ರದೇಶ, ಕಚ್ಚಾ ಮನೆಗಳಿಂದ ಸ್ಥಳಾಂತರ ಮಾಡಲಾಯಿತು. ಎನ್‌ಡಿಆರ್‌ಎಫ್ ತಂಡಗಳು ಕರಾವಳಿಯುದ್ದಕ್ಕೂ ಬೀಡುಬಿಟ್ಟವು.

ಹವಾಮಾನ ಇಲಾಖೆ ಹೇಳಿದ್ದೇನು?

ನಿಸರ್ಗ ಅಧಿಕಾರಿಗಳಿಗೆ ಕೊಟ್ಟ ಸಮಯವೇ ಕಡಿಮೆ. ಮೇ 31ಕ್ಕೆ ಅರಬ್ಬಿ ಸಮುದ್ರದಲ್ಲಿ ಕಡಿಮೆ ಒತ್ತಡದ ಪ್ರದೇಶ ಕಾಣಿಸಿತು. ಜೂನ್ 1ರಂದು ಅದು ವಾಯುಭಾರ ಕುಸಿತವಾಯಿತು, ಜೂನ್ 2ರ ಮಧ್ಯಾಹ್ನ ಚಂಡಮಾರುತವಾಯಿತು. ಜೂನ್ 3ರ ಬೆಳಗ್ಗೆ ಅದು ತೀವ್ರ ಚಂಡಮಾರುತ, ಅದೇ ಮಧ್ಯಾಹ್ನ ನೆಲಕ್ಕೆ ಅಪ್ಪಳಿಸಿತು. ಹೆಸರು ಸಿಕ್ಕಿ ಒಂದು ದಿನ ಕಳೆಯುವಷ್ಟರಲ್ಲಿ ದಡ ಮುಟ್ಟಿದ ಚಂಡಮಾರುತ ಇದು.

ರಾಯಗಡ ಜಿಲ್ಲೆಯ ಹರಿಹರೇಶ್ವರ ಮತ್ತು ದಮನ್ ನಡುವೆ ಎಲ್ಲಾದರೂ ಅದು ತೀರ ದಾಟಲಿದೆ ಎಂಬುದು ಹವಾಮಾನ ಇಲಾಖೆಯ ಮುನ್ಸೂಚನೆಯಾಗಿತ್ತು. ಜೂನ್ 2ರ ಹೊತ್ತಿಗೆ ಆ ಪಟ್ಟಿಯೊಳಗೆ ಅಲಿಬಾಗ್ ಸಮೀಪ ಎಂಬ ಮಾತೂ ಸೇರಿತು. ರಾಯಗಡ, ಮುಂಬೈ, ಥಾಣೆ, ಪಾಲ್ಘರ್ ಜಿಲ್ಲೆಗಳಲ್ಲಿ ಗಂಟೆಗೆ 100ರಿಂದ 110 ಕಿ.ಮೀ. ವೇಗದ ಗಾಳಿ, ಆಗಾಗ 120 ಕಿ.ಮೀ. ತನಕದ ಬಿರುಸು ನಿರೀಕ್ಷೆಯಲ್ಲಿತ್ತು. ಮುಂಬೈ, ಥಾಣೆ, ರಾಯಗಡದ ತಗ್ಗು ಪ್ರದೇಶಗಳಿಗೆ ಸಾಮಾನ್ಯ ಭರತಕ್ಕಿಂತ 1ರಿಂದ 2 ಮೀಟರ್ ಎತ್ತರದ ನೀರು ನುಗ್ಗಬಹುದು ಎಂಬ ಎಚ್ಚರಿಕೆಯೂ ಇತ್ತು.

ಈಗ ನಕ್ಷೆ ತೆಗೆದು ನೋಡಿ. ಹರಿಹರೇಶ್ವರದಿಂದ ದಮನ್‌ಗೆ ನೇರ ದೂರ ಸುಮಾರು 270 ಕಿ.ಮೀ. ಆ ಪಟ್ಟಿಯ ನಟ್ಟನಡುವೆ ಒಂದು ಅಡ್ಡಗೆರೆ ಎಳೆದರೆ ಅದು ಹಾಯುವುದು ಥಾಣೆ, ಡೊಂಬಿವಲಿಗಳ ಮೇಲೆ. ಮುನ್ಸೂಚನೆಯ ಅಂಚಿನಲ್ಲಿ ಎಲ್ಲೋ ಇದ್ದ ಊರುಗಳಲ್ಲ ಇವು.

ನಿಸರ್ಗ ಕಡೆಗೆ ತೀರ ದಾಟಿದ್ದು ಶ್ರೀವರ್ಧನ ಸಮೀಪ. ಗಾಳಿಯ ವೇಗ ಗಂಟೆಗೆ 110ರಿಂದ 120 ಕಿ.ಮೀ. ಶ್ರೀವರ್ಧನ ಇರುವುದು ಹರಿಹರೇಶ್ವರದ ಪಕ್ಕದಲ್ಲೇ, ಅಂದರೆ ಆ 270 ಕಿ.ಮೀ. ಪಟ್ಟಿಯ ದಕ್ಷಿಣದ ತುದಿಯಲ್ಲಿ. ಹೇಳಿದ ಪಟ್ಟಿಯ ಒಳಗೇ ಅದು ದಾಟಿತು, ಹಾಗಾಗಿ ಮುನ್ಸೂಚನೆ ತಪ್ಪಿತು ಎನ್ನುವಂತಿಲ್ಲ. ಆದರೆ ಮುಂಬೈ-ಥಾಣೆಯಿಂದ ಎಷ್ಟು ದೂರ ಸರಿಯಬಹುದಿತ್ತೋ ಹೆಚ್ಚುಕಡಿಮೆ ಅಷ್ಟೂ ದೂರ ದಕ್ಷಿಣಕ್ಕೆ ಸರಿಯಿತು.

70 ಕಿ.ಮೀ. ಅಂತರದ ಅದೃಷ್ಟ

ಇಲಾಖೆ ಹೇಳಿದ್ದ ಅಲಿಬಾಗ್‌ಗೂ ಚಂಡಮಾರುತ ದಾಟಿದ ಶ್ರೀವರ್ಧನಕ್ಕೂ ನೇರ ಅಂತರ ಸುಮಾರು 70 ಕಿ.ಮೀ. 2016ರಿಂದ 2020ರ ಅವಧಿಯಲ್ಲಿ 24 ಗಂಟೆ ಮೊದಲು ಕೊಟ್ಟ ಮುನ್ಸೂಚನೆಗಳಲ್ಲಿ ಇಲಾಖೆಯ ಸರಾಸರಿ ವ್ಯತ್ಯಾಸವೂ 75ರಿಂದ 80 ಕಿ.ಮೀ. ಆಸುಪಾಸು. 48 ಗಂಟೆ ಮೊದಲಾದರೆ ಅದು ನೂರು ಕಿ.ಮೀ. ದಾಟುತ್ತದೆ. ಅಂದರೆ ನಿಸರ್ಗದ ವಿಷಯದಲ್ಲಿ ಆದ ಏರುಪೇರು ವಾಡಿಕೆಯದ್ದೇ.

ಚಂಡಮಾರುತ ಅಲಿಬಾಗ್‌ನಿಂದ ದಕ್ಷಿಣಕ್ಕೆ 70 ಕಿ.ಮೀ. ಸರಿದ ಹಾಗೆ ಉತ್ತರಕ್ಕೆ ಸರಿದಿದ್ದರೆ? ಅದು ದಾಟುತ್ತಿದ್ದದ್ದು ಮುಂಬೈನ ಪಶ್ಚಿಮ ಉಪನಗರ ಮತ್ತು ಥಾಣೆ ಜಿಲ್ಲೆಯ ಉತ್ತನ್ ನಡುವಿನ ತೀರವನ್ನು. ಅಲ್ಲಿಂದ ಈಶಾನ್ಯಕ್ಕೆ ಸಾಗುವ ದಾರಿಯಲ್ಲಿ ಥಾಣೆ, ಭಿವಂಡಿ, ಕಲ್ಯಾಣ್. ಜೂನ್ 2ರಂದು ಈ ಎರಡು ಸಾಧ್ಯತೆಗಳಲ್ಲಿ ಯಾವುದು ನಿಜವಾಗುತ್ತದೆ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಜಿಲ್ಲಾಧಿಕಾರಿಯೊಬ್ಬರು ಆದೇಶಕ್ಕೆ ಸಹಿ ಹಾಕುವ ಹೊತ್ತಿಗೆ ಕೈಯಲ್ಲಿರುವುದು ಇಷ್ಟೇ ಮಾಹಿತಿ.

ಇನ್ನೊಂದು ಸಂಗತಿಯೂ ಈ ಊರುಗಳನ್ನು ಕಾಪಾಡಿತು. ಭೂಮಿಯ ಉತ್ತರಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. ಇಡೀ ಚಂಡಮಾರುತ ಮುಂದಕ್ಕೆ ಚಲಿಸುವ ವೇಗವೂ ಅದರ ಬಲಬದಿಯ ಗಾಳಿಗೆ ಸೇರಿಕೊಳ್ಳುತ್ತದೆ. ಎಡಬದಿಯಲ್ಲಿ ಕಳೆದುಹೋಗುತ್ತದೆ. ನಿಸರ್ಗ ಈಶಾನ್ಯ ದಿಕ್ಕಿಗೆ ಸಾಗುತ್ತಿದ್ದಾಗ ಮುಂಬೈ, ಥಾಣೆ ಅದರ ಎಡಕ್ಕಿದ್ದವು. ಬಲಕ್ಕಿದ್ದದ್ದು ರತ್ನಾಗಿರಿ ಜಿಲ್ಲೆಯ ಮಂಡಣಗಡ, ದಾಪೋಲಿ. ಅಲ್ಲಿ ಮನೆಗಳ ಹೆಂಚು, ಶೀಟು ಹಾರಿಹೋದವು.

ರಾಯಗಡದ ಶ್ರೀವರ್ಧನ, ಮ್ಹಸಳಾ, ಮುರುಡ್ ಕಡೆ ತಲೆಮಾರುಗಳಿಂದ ಬೆಳೆದು ನಿಂತಿದ್ದ ಅಡಿಕೆ, ತೆಂಗಿನ ತೋಟಗಳು ಕೆಲವೇ ಗಂಟೆಗಳಲ್ಲಿ ನೆಲಕಚ್ಚಿದವು. ಅಡಿಕೆ ಮರ ಬೆಳೆದು ಫಸಲು ಕೊಡಲು ಎಷ್ಟು ವರ್ಷ ಬೇಕು ಎಂಬುದು ಮಲೆನಾಡು, ಕರಾವಳಿಯ ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ವಿದ್ಯುತ್ ಕಂಬಗಳು ಸಾಲುಸಾಲಾಗಿ ಬಿದ್ದು ಹಲವು ಹಳ್ಳಿಗಳು ವಾರಗಟ್ಟಲೆ ಕತ್ತಲಲ್ಲಿದ್ದವು. ರಾಯಗಡಕ್ಕೆ ಸರ್ಕಾರ 100 ಕೋಟಿ ರೂಪಾಯಿ ತುರ್ತು ನೆರವು ಘೋಷಿಸಬೇಕಾಯಿತು. ಡೊಂಬಿವಲಿಯಲ್ಲಿ 'ಏನೂ ಆಗಲಿಲ್ಲ' ಎಂದಾಗ ಅಲ್ಲಿಂದ ನೂರು ಚಿಲ್ಲರೆ ಕಿ.ಮೀ. ದೂರದಲ್ಲಿ ಆಗಿದ್ದು ಇದು.

ಮುಂಬೈಯೂ ಪೂರ್ತಿ ಬಚಾವಾಗಲಿಲ್ಲ. ಅಂದು ಬೆಂಗಳೂರಿನಿಂದ ಬಂದ ಫೆಡ್‌ಎಕ್ಸ್ ಸರಕು ವಿಮಾನವೊಂದು ಇಳಿಯುವಾಗ ರನ್‌ವೇ ಬಿಟ್ಟು ಜಾರಿತು. ಆಮೇಲೆ ವಿಮಾನ ನಿಲ್ದಾಣದ ಕಾರ್ಯಾಚರಣೆಯನ್ನೇ ಕೆಲ ಗಂಟೆ ನಿಲ್ಲಿಸಲಾಯಿತು.

'ಅತಿಯಾಯಿತು' ಎನ್ನುವವರ ವಾದವೇನು?

ಹಾಗೆಂದು ಪ್ರಶ್ನೆ ಎತ್ತಿದವರೆಲ್ಲ ತಿಳಿಯದೆ ಮಾತಾಡಿದರು ಎನ್ನಲಾಗದು. ಅವರ ವಾದದಲ್ಲಿ ಮೂರು ಅಂಶಗಳಿವೆ, ಮೂರಕ್ಕೂ ತೂಕವಿದೆ.

ಮೊದಲನೆಯದು, ಮುನ್ನೆಚ್ಚರಿಕೆಯ ಬೆಲೆ ತೆರುವವರು ಯಾರು ಎಂಬುದು. ತಿಂಗಳ ಸಂಬಳದವರಿಗೆ ಅದು ಒಂದು ರಜೆ. ಕಟ್ಟಡ ಕಾರ್ಮಿಕರು, ಮನೆಗೆಲಸದವರು, ರಿಕ್ಷಾ ಓಡಿಸುವವರು, ಸ್ಟೇಷನ್ ಎದುರು ತರಕಾರಿ ಮಾರುವವರಿಗೆ ಅದು ಕೂಲಿ ಇಲ್ಲದ ದಿನ. ಈ ಊರುಗಳಲ್ಲಿ ಉಡುಪಿ, ಮಂಗಳೂರು ಕಡೆಯಿಂದ ಬಂದು ಹೋಟೆಲ್ ನಡೆಸುವವರು ಬಹಳ. ಹೋಟೆಲ್ ಒಂದು ದಿನ ಮುಚ್ಚಿದರೆ ಅರೆದಿಟ್ಟ ಹಿಟ್ಟು, ಹೆಚ್ಚಿಟ್ಟ ತರಕಾರಿ ವ್ಯರ್ಥ, ಹುಡುಗರ ಸಂಬಳ ಮಾತ್ರ ತಪ್ಪುವುದಿಲ್ಲ. ನವಿ ಮುಂಬೈನ ತುರ್ಭೆಯಲ್ಲಿರುವ ಎಪಿಎಂಸಿಯಂಥ ಮಾರುಕಟ್ಟೆ ನಿಂತರೆ ಅದರ ಪೆಟ್ಟು ನಾಸಿಕ್, ಪುಣೆ ಕಡೆಯ ರೈತನಿಗೂ ತಟ್ಟುತ್ತದೆ.

ಎರಡನೆಯದು, ಎಲ್ಲರಿಗೂ ಒಂದೇ ಅಳತೆ. ಸಮುದ್ರದಂಚಿನ ಕೋಳಿವಾಡಕ್ಕೂ ಒಳನಾಡಿನ ಕಲ್ಯಾಣ್‌ನ ಗಟ್ಟಿ ಕಾಂಕ್ರೀಟ್ ಕಟ್ಟಡಕ್ಕೂ ಒಂದೇ ಆದೇಶ ಏಕೆ?

ಮೂರನೆಯದು, ನಂಬಿಕೆ. 'ತೋಳ ಬಂತು ತೋಳ' ಕಥೆ ಎಲ್ಲರಿಗೂ ಗೊತ್ತು. ಪ್ರತಿ ಬಾರಿ ಬೊಬ್ಬೆ ಹೊಡೆದು ಪ್ರತಿ ಬಾರಿ ಏನೂ ಆಗದಿದ್ದರೆ, ನಿಜವಾದ ತೋಳ ಬಂದ ದಿನ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ.

ಫಯಾನ್, ಓಖಿ ಹೇಳಿದ ಪಾಠ

ಈ ಮೂರನೆಯ ಅಂಶಕ್ಕೆ ಹಳೆಯ ಉದಾಹರಣೆಗಳಿವೆ. 2009ರ ನವೆಂಬರ್ 11ರಂದು ಫಯಾನ್ ಚಂಡಮಾರುತ ಬಂದಾಗ ಮುಂಬೈ, ಥಾಣೆ ಭಾಗದಲ್ಲಿ ಶಾಲೆಗಳನ್ನು ಮುಚ್ಚಲಾಯಿತು, ಸರ್ಕಾರಿ ಕಚೇರಿಗಳ ನೌಕರರನ್ನು ಬೇಗ ಮನೆಗೆ ಕಳುಹಿಸಲಾಯಿತು. ಫಯಾನ್ ಅಂದು ಸಂಜೆಗೆ ಮುನ್ನ ಅಲಿಬಾಗ್ ಮತ್ತು ಮುಂಬೈ ನಡುವೆ ತೀರ ದಾಟಿ ಬೇಗ ಶಕ್ತಿ ಕಳೆದುಕೊಂಡಿತು. ಲೋಕಲ್ ರೈಲು ಹಿಡಿದು ಅವಸರದಲ್ಲಿ ಮನೆ ಸೇರಿದವರಿಗೆ ಅದು ಸುಮ್ಮನೆ ಗದ್ದಲದಂತೆ ಕಂಡಿತು.

ಆದರೆ ಅದೇ ಚಂಡಮಾರುತ ರತ್ನಾಗಿರಿ, ಸಿಂಧುದುರ್ಗ ಕಡೆಯ ಹಲವು ಮೀನುಗಾರರನ್ನು ನುಂಗಿತ್ತು. ಅದನ್ನು ಚಂಡಮಾರುತವೆಂದು ಗುರುತಿಸಿದ್ದು ನವೆಂಬರ್ 11ರ ಬೆಳಗ್ಗೆ. ಆಗಲೇ ದೋಣಿಗಳು ಕಡಲಲ್ಲಿದ್ದವು. ಶಹರಕ್ಕೆ ಎಚ್ಚರಿಕೆ ಹೆಚ್ಚಾಯಿತು ಎನಿಸಿದ ದಿನವೇ ಕಡಲಿಗೆ ಎಚ್ಚರಿಕೆ ತಡವಾಗಿತ್ತು.

ಓಖಿಯಲ್ಲಿ ಈ ಅಂತರ ಇನ್ನೂ ದೊಡ್ಡದು. 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿ ಬಳಿ ಎದ್ದ ಓಖಿ ಬಹಳ ವೇಗವಾಗಿ ಬಲಗೊಂಡಿತು. ಎಚ್ಚರಿಕೆ ತಲುಪುವ ಮೊದಲೇ ಸಮುದ್ರಕ್ಕೆ ಇಳಿದಿದ್ದ ತಮಿಳುನಾಡು, ಕೇರಳದ ನೂರಾರು ಮೀನುಗಾರರು ಮರಳಿ ಬರಲಿಲ್ಲ. ಆರು ದಿನಗಳ ನಂತರ ಅದೇ ಓಖಿ ಸೊರಗಿ ಗುಜರಾತ್ ಕಡೆಗೆ ಹೋಗುತ್ತಿದ್ದಾಗ ಮಹಾರಾಷ್ಟ್ರ ಸರ್ಕಾರ ಡಿಸೆಂಬರ್ 5ರಂದು ಮುಂಬೈ, ಥಾಣೆ, ಪಾಲ್ಘರ್, ರಾಯಗಡ, ಸಿಂಧುದುರ್ಗದ ಶಾಲೆಗಳಿಗೆ ರಜೆ ಕೊಟ್ಟಿತು. ಮರುದಿನ ಡಾ. ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನ. ದಾದರ್‌ನ ಚೈತ್ಯಭೂಮಿಗೆ ಬಂದಿದ್ದ ಸಾವಿರಾರು ಜನರನ್ನು ಮಳೆಯಲ್ಲಿ ಕೆಸರಾದ ಶಿವಾಜಿ ಪಾರ್ಕ್‌ನಿಂದ ಪಾಲಿಕೆ ಶಾಲೆಗಳಿಗೆ ಕಳುಹಿಸಬೇಕಾಯಿತು. ನಗರಕ್ಕೆ ಬಂದದ್ದು ಅಕಾಲದ ಮಳೆ ಮಾತ್ರ, ಚಂಡಮಾರುತವಲ್ಲ.

ಒಂದೇ ಬಿರುಗಾಳಿ, ಒಂದೆಡೆ ತಡವಾದ ಎಚ್ಚರಿಕೆ, ಇನ್ನೊಂದೆಡೆ ಹೆಚ್ಚಾದ ಎಚ್ಚರಿಕೆ. ಎರಡರ ಬೆಲೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಅಧಿಕಾರಿಗಳು ಯಾವ ಕಡೆಗೆ ವಾಲುತ್ತಾರೆ ಎಂಬುದು ಸ್ಪಷ್ಟ. ಶಾಲೆಗೆ ಒಂದು ದಿನ ರಜೆ ಕೊಟ್ಟು ಟೀಕೆ ಕೇಳುವುದು ಸುಲಭ. ಹೆಣ ಎಣಿಸುವ ಸ್ಥಿತಿ ಬಂದರೆ ಉತ್ತರ ಕೊಡುವುದು ಕಷ್ಟ.

ಕಲ್ಯಾಣ್-ಡೊಂಬಿವಲಿಗೆ ಸಮುದ್ರವೇ ಇಲ್ಲವಲ್ಲ?

ಹೌದು. 2014ರ ಆಗಸ್ಟ್ 1ರಂದು ಪಾಲ್ಘರ್ ಬೇರೆ ಜಿಲ್ಲೆಯಾದ ಮೇಲೆ ಥಾಣೆ ಜಿಲ್ಲೆಗೆ ತೆರೆದ ಸಮುದ್ರ ಉಳಿದಿರುವುದು ಭಾಯಂದರ್ ಬಳಿಯ ಉತ್ತನ್ ಭಾಗದಲ್ಲಿ ಮಾತ್ರ. ಆದರೆ ಸಮುದ್ರ ಕಾಣದಿದ್ದರೂ ಸಮುದ್ರದ ನೀರು ಈ ಊರುಗಳೊಳಗೆ ಬರುತ್ತದೆ. ಥಾಣೆ ಮತ್ತು ನವಿ ಮುಂಬೈಗೆ ಥಾಣೆ ಖಾಡಿ, ಡೊಂಬಿವಲಿ-ಕಲ್ಯಾಣ್‌ಗೆ ಉಲ್ಹಾಸ್ ನದಿಯ ಖಾಡಿ. ಭರತದ ಹೊತ್ತಿಗೆ ಖಾಡಿಯ ನೀರು ಏರಿದರೆ ಮಳೆನೀರು ಹೊರಗೆ ಹರಿಯದೆ ನಾಲೆಗಳಲ್ಲೇ ನಿಲ್ಲುತ್ತದೆ. ನವಿ ಮುಂಬೈಯನ್ನು ಕಟ್ಟಿದ ಸಿಡ್ಕೊ ಅಲ್ಲಲ್ಲಿ ಹೋಲ್ಡಿಂಗ್ ಪಾಂಡ್‌ಗಳನ್ನು ಮಾಡಿರುವುದೇ ಇದಕ್ಕಾಗಿ. ಭರತ ಇಳಿಯುವ ತನಕ ಮಳೆನೀರನ್ನು ಹಿಡಿದಿಟ್ಟು ಆಮೇಲೆ ಬಿಡುವುದು ಅವುಗಳ ಕೆಲಸ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದಾಗ ಕಲ್ಯಾಣ್, ಬದ್ಲಾಪುರ ಕಡೆಯೂ ಪ್ರವಾಹ ಉಕ್ಕಿತ್ತು. ಅಂದು ಜನ ಎಂದಿನಂತೆ ಕೆಲಸಕ್ಕೆ ಹೋಗಿದ್ದರು, ಮಕ್ಕಳು ಶಾಲೆಗೆ ಹೋಗಿದ್ದರು. 2019ರ ಜುಲೈ 27ರಂದು ಉಲ್ಹಾಸ್ ಉಕ್ಕಿ ಬದ್ಲಾಪುರ-ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಿಲುಕಿತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಇವೆರಡೂ ಚಂಡಮಾರುತಗಳಲ್ಲ.

ಆದರೆ ನಿಸರ್ಗ ಬಂದದ್ದು ಜೂನ್ ಆರಂಭದಲ್ಲಿ. ನೆಲ ಇನ್ನೂ ಒಣಗಿತ್ತು, ನದಿ, ಜಲಾಶಯಗಳಲ್ಲಿ ನೀರು ತಗ್ಗಿನಲ್ಲಿತ್ತು. ಹಾಗಾಗಿ ಕಲ್ಯಾಣ್, ಡೊಂಬಿವಲಿಗೆ ಜುಲೈ ತಿಂಗಳಿನಂಥ ಪ್ರವಾಹದ ಭಯ ಆಗ ಇರಲಿಲ್ಲ. ಅಲ್ಲಿನ ಅಪಾಯ ಬೇರೆ: ಗಾಳಿ, ಮತ್ತು ಆ ಗಾಳಿಗೆ ಎದುರಾಗುವ ಹಳೆಯ ಕಟ್ಟಡ.

ಗಾಳಿಯ ವೇಗ ಎರಡು ಪಟ್ಟಾದರೆ ಗೋಡೆಯ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿ.ಮೀ. ಗಾಳಿಗೆ ಕೊಂಬೆ ಮುರಿದರೆ 120ಕ್ಕೆ ಶೀಟು, ಹೋರ್ಡಿಂಗ್, ಸಡಿಲ ಗೋಡೆ ಎಲ್ಲವೂ ಆಯುಧವಾಗುತ್ತವೆ. ಈ ಊರುಗಳ ಪಾಲಿಕೆಗಳು ಪ್ರತಿ ಮಳೆಗಾಲಕ್ಕೂ ಮುನ್ನ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸುತ್ತವೆ. 2013ರ ಏಪ್ರಿಲ್‌ನಲ್ಲಿ ಥಾಣೆಯ ಶಿಲ್‌ಫಾಟಾದಲ್ಲಿ ಕಟ್ಟುತ್ತಿದ್ದ ಅಕ್ರಮ ಕಟ್ಟಡ ಕುಸಿದು 74 ಜನ ಸತ್ತರು. 2015ರ ಆಗಸ್ಟ್‌ನಲ್ಲಿ ಡೊಂಬಿವಲಿ ಪಕ್ಕದ ಠಾಕುರ್ಲಿಯಲ್ಲಿ ಹಳೆಯ ಕಟ್ಟಡ ಬಿದ್ದು 9 ಜನ ಪ್ರಾಣ ಕಳೆದುಕೊಂಡರು. ನಿಸರ್ಗ ಬಂದು ಮೂರೂವರೆ ತಿಂಗಳಿಗೆ, 2020ರ ಸೆಪ್ಟೆಂಬರ್‌ನಲ್ಲಿ ಭಿವಂಡಿಯಲ್ಲಿ ಇನ್ನೊಂದು ಕಟ್ಟಡ ಕುಸಿದು ಸುಮಾರು 40 ಜನ ಸತ್ತರು. ಯಾವುದಕ್ಕೂ ಚಂಡಮಾರುತ ಬೇಕಾಗಲಿಲ್ಲ. ಇಂಥ ಕಟ್ಟಡಗಳ ಮೇಲೆ 110 ಕಿ.ಮೀ. ಗಾಳಿ ಬೀಸಿದ್ದರೆ ಏನಾಗುತ್ತಿತ್ತು?

ಒಂದೊಂದಾಗಿ ತೂಗಿದರೆ

ಮುನ್ನೆಚ್ಚರಿಕೆ ಎಂದರೆ ಒಂದೇ ಕ್ರಮವಲ್ಲ, ಹತ್ತಾರು ಕ್ರಮಗಳ ಕಟ್ಟು. ಪೂರ್ತಿ ಕಟ್ಟನ್ನೇ ಸರಿ ಅಥವಾ ತಪ್ಪು ಎನ್ನುವ ಬದಲು ಬಿಡಿಸಿ ನೋಡುವುದು ಲೇಸು.

ಮೀನುಗಾರಿಕೆ ನಿಷೇಧ: ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ. ಫಯಾನ್, ಓಖಿ ಎರಡರಲ್ಲೂ ಅತಿ ಹೆಚ್ಚು ಜೀವ ಹೋಗಿದ್ದು ಕಡಲಿನಲ್ಲಿ.

ಗುಡಿಸಲು, ತಗ್ಗು ಪ್ರದೇಶದವರ ಸ್ಥಳಾಂತರ: ಸರಿ. 1999ರ ಒಡಿಶಾ ಸೂಪರ್ ಸೈಕ್ಲೋನ್‌ನಲ್ಲಿ ಸುಮಾರು 10 ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಅದೇ ರಾಜ್ಯ ಸುಮಾರು 10 ಲಕ್ಷ ಜನರನ್ನು ಸ್ಥಳಾಂತರಿಸಿತು, ಸಾವು ಕೆಲವು ಹತ್ತುಗಳಿಗೆ ಇಳಿಯಿತು. ಸ್ಥಳಾಂತರಕ್ಕಿಂತ ಹೆಚ್ಚು ಜೀವ ಉಳಿಸಿದ ಕ್ರಮ ಇನ್ನೊಂದಿಲ್ಲ.

ತಾತ್ಕಾಲಿಕ ಆಸ್ಪತ್ರೆಗಳಿಂದ ರೋಗಿಗಳ ಸಾಗಣೆ: ಸರಿ. ಬಯಲಿನಲ್ಲಿ ಕಟ್ಟಿದ ಟೆಂಟ್‌ನಂಥ ಆಸ್ಪತ್ರೆ ಬಲವಾದ ಗಾಳಿಗೆ ನಿಲ್ಲುತ್ತದೆಂದು ನಂಬಿ ಕೂರಲು ಆಗುವುದಿಲ್ಲ.

ಜೂನ್ 3ರ ಹಗಲು ಸಂಚಾರಕ್ಕೆ ತಡೆ: ಸರಿ. ಗಾಳಿ ಬೀಸುವಾಗ ಸಾವು ಬರುವುದು ಹೆಚ್ಚಾಗಿ ಉರುಳುವ ಮರ, ಕಂಬ, ಹಾರುವ ಶೀಟುಗಳಿಂದ. ರಸ್ತೆಯಲ್ಲಿ ಜನ ಇಲ್ಲದಿದ್ದರೆ ಸಾವೂ ಕಡಿಮೆ. ಆದರೆ ಇಲ್ಲಿ ಒಂದು ಮಾತು ಮರೆಯಬಾರದು. ಲಾಕ್‌ಡೌನ್‌ನಿಂದಾಗಿ ರಸ್ತೆ ಅಷ್ಟರಲ್ಲೇ ಖಾಲಿಯಿತ್ತು, ಲೋಕಲ್ ಓಡುತ್ತಿರಲಿಲ್ಲ. ಜೀವಹಾನಿ ಕಡಿಮೆಯಾದ ಪೂರ್ತಿ ಶ್ರೇಯ ಚಂಡಮಾರುತದ ಆದೇಶಕ್ಕೆ ಸಲ್ಲುವುದಿಲ್ಲ.

ಎರಡನೇ ದಿನದ ನಿರ್ಬಂಧ: ಪ್ರಶ್ನೆ ಗಟ್ಟಿಯಾಗುವುದು ಇಲ್ಲಿ. ಜೂನ್ 3ರ ಮಧ್ಯಾಹ್ನ ಚಂಡಮಾರುತ ಶ್ರೀವರ್ಧನದಲ್ಲಿ ನೆಲ ಮುಟ್ಟಿದ ಕೂಡಲೇ ಅಪಾಯದ ನಕ್ಷೆ ಬದಲಾಯಿತು. ಸಂಜೆಯ ಹೊತ್ತಿಗೆ ಒಳನಾಡಿನ ಕಲ್ಯಾಣ್, ಡೊಂಬಿವಲಿಗೆ ದೊಡ್ಡ ಭಯ ಉಳಿದಿರಲಿಲ್ಲ. ಎರಡು ದಿನ ಮನೆಯಲ್ಲಿರಿ ಎಂದು ಹೇಳುವಾಗ ತೋರಿದ ಚುರುಕುತನ, ಇನ್ನು ಹೊರಗೆ ಬರಬಹುದು ಎಂದು ಊರೂರಿಗೆ ಹೇಳುವಾಗಲೂ ಇರಬೇಕು. ದಿನಗೂಲಿಯವರಿಗೆ ಆ ಅರ್ಧ ದಿನವೂ ಲೆಕ್ಕಕ್ಕೆ ಬರುತ್ತದೆ.

ಕಾನೂನು ಏನು ಹೇಳುತ್ತದೆ?

2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. ವಿಪತ್ತು ಬಂದ ಮೇಲೆ ಮಾತ್ರವಲ್ಲ, ಬರುವ ಸೂಚನೆ ಇದ್ದಾಗಲೂ ಸಂಚಾರ ತಡೆಯುವ, ಜನರನ್ನು ಸ್ಥಳಾಂತರಿಸುವ ಅಧಿಕಾರವನ್ನು ಕಾಯ್ದೆಯ 34ನೇ ಸೆಕ್ಷನ್ ಕೊಡುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಸ್ಥಿತಿ ಬರಬಾರದು ಎಂಬುದೇ ಇದರ ಉದ್ದೇಶ.

ಹವಾಮಾನ ಇಲಾಖೆಯ ಬಣ್ಣಗಳ ಅರ್ಥವೂ ಇದೇ. ಹಳದಿ ಎಂದರೆ ಸುದ್ದಿಯ ಮೇಲೆ ಕಣ್ಣಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ರೆಡ್ ಅಲರ್ಟ್ ಎಂದರೆ ಅನಾಹುತ ಆಗೇ ಆಗುತ್ತದೆ ಎಂಬ ಭವಿಷ್ಯವಾಣಿಯಲ್ಲ. ಕಾದು ನೋಡುವ ಸಮಯ ಮುಗಿಯಿತು ಎಂಬ ಸೂಚನೆ. ಜನರು ಇದನ್ನು ಭವಿಷ್ಯವಾಣಿ ಎಂದು ತಿಳಿದಾಗಲೇ 'ಸುಳ್ಳಾಯಿತು' ಎಂಬ ಬೇಸರ ಹುಟ್ಟುತ್ತದೆ.

ಒಂದೇ ವರ್ಷದಲ್ಲಿ ಬಂತು ತೌಕ್ತೆ

ನಿಸರ್ಗದ ಚರ್ಚೆಗೆ 2021ರ ಮೇ 17 ಉತ್ತರ ಕೊಟ್ಟಿತು. ತೌಕ್ತೆ ಚಂಡಮಾರುತ ಮುಂಬೈಗೆ ಅಪ್ಪಳಿಸಲೇ ಇಲ್ಲ. ಕಡಲಲ್ಲಿ ಸುಮಾರು 150 ಕಿ.ಮೀ. ದೂರದಿಂದ ಹಾದುಹೋಗಿ ರಾತ್ರಿ ಗುಜರಾತ್ ತೀರ ದಾಟಿತು. ಅಷ್ಟು ದೂರದಿಂದಲೇ ಕೊಲಾಬಾದಲ್ಲಿ ಗಾಳಿಯ ಬಿರುಸು ಗಂಟೆಗೆ 114 ಕಿ.ಮೀ. ಮುಟ್ಟಿತು. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 230 ಮಿ.ಮೀ. ಮಳೆ ಸುರಿಯಿತು, ಅದೂ ಮೇ ತಿಂಗಳಲ್ಲಿ. ಬಾಂದ್ರಾ-ಕುರ್ಲಾ, ದಹಿಸರ್, ಥಾಣೆ ಗಡಿಯ ಮುಲುಂಡ್‌ನ ಕೊರೊನಾ ಕೇಂದ್ರಗಳಿಂದ ಮುಂಚಿತವಾಗಿಯೇ 580 ರೋಗಿಗಳನ್ನು ಬೇರೆಡೆಗೆ ಸಾಗಿಸಲಾಗಿತ್ತು. ಹಿಂದಿನ ವರ್ಷ 'ಅತಿ' ಎನಿಸಿದ್ದ ಕ್ರಮ ಈ ವರ್ಷ ಅಭ್ಯಾಸವಾಗಿ ಕೈಹಿಡಿಯಿತು.

ಎಚ್ಚರಿಕೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನೂ ಅಂದೇ ನೋಡಬೇಕಾಯಿತು. ಮುಂಬೈ ಆಚೆಯ ತೈಲ ಕ್ಷೇತ್ರದಲ್ಲಿ ಕೆಲಸಗಾರರ ವಸತಿಗಿದ್ದ ಪಿ-305 ಬಾರ್ಜ್ ಬಂದರಿಗೆ ಮರಳದೆ ಕಡಲಲ್ಲೇ ಉಳಿದಿತ್ತು. ಲಂಗರು ಕಿತ್ತು ತೇಲಿ ಅದು ಮುಳುಗಿತು. ಅದರಲ್ಲಿದ್ದವರು 261 ಮಂದಿ. ನೌಕಾಪಡೆ 180ಕ್ಕೂ ಹೆಚ್ಚು ಜನರನ್ನು ಉಳಿಸಿತು, 70ಕ್ಕೂ ಹೆಚ್ಚು ಜನ ಮರಳಲಿಲ್ಲ. ಚಂಡಮಾರುತದ ಮುನ್ಸೂಚನೆ ದಿನಗಳ ಮೊದಲೇ ಬಂದಿತ್ತು.

2024ರ ಮೇ 13 ಇನ್ನೊಂದು ಬಗೆಯ ಪಾಠ. ಅಂದು ಚಂಡಮಾರುತ ಇರಲಿಲ್ಲ, ರಜೆ ಇರಲಿಲ್ಲ. ಸಂಜೆ ಹಠಾತ್ತನೆ ಎದ್ದ ಧೂಳುಗಾಳಿಗೆ ಘಾಟ್‌ಕೋಪರ್‌ನಲ್ಲಿ 120 ಅಡಿ ಉದ್ದ, 120 ಅಡಿ ಅಗಲದ ಹೋರ್ಡಿಂಗ್ ಪೆಟ್ರೋಲ್ ಬಂಕ್ ಮೇಲೆ ಬಿದ್ದು 17 ಜನ ಸತ್ತರು. ಪಾಲಿಕೆಯ ಮಿತಿ ಇದ್ದದ್ದು 40 ಅಡಿಗೆ 40 ಅಡಿ. ಥಾಣೆ-ಮುಲುಂಡ್ ನಡುವೆ ವಿದ್ಯುತ್ ತಂತಿಯ ಕಂಬ ಬಾಗಿ ಮಧ್ಯ ರೈಲ್ವೆಯ ಲೋಕಲ್‌ಗಳು ನಿಂತವು. ಮೂರು ದಿನ ಮೊದಲೇ ಗೊತ್ತಾಗಿ ಬರುವ ಗಾಳಿಗಿಂತ ಹೇಳದೆ ಬರುವ ಗಾಳಿ ಹೆಚ್ಚು ಕೊಲ್ಲಬಲ್ಲದು.

ಹಾಗಾದರೆ ನಂಬಿಕೆ ಉಳಿಸುವುದು ಹೇಗೆ?

'ತೋಳ ಬಂತು' ಎಂಬ ಆಕ್ಷೇಪಕ್ಕೆ ಎಚ್ಚರಿಕೆ ಕಡಿಮೆ ಮಾಡುವುದು ಉತ್ತರವಲ್ಲ. 2019ರ ಜೂನ್‌ನಲ್ಲಿ ವಾಯು ಚಂಡಮಾರುತಕ್ಕೆ ಹೆದರಿ ಗುಜರಾತ್ ಸುಮಾರು 3 ಲಕ್ಷ ಜನರನ್ನು ಸ್ಥಳಾಂತರಿಸಿತು. ವಾಯು ಕಡೆ ಗಳಿಗೆಯಲ್ಲಿ ದಿಕ್ಕು ಬದಲಿಸಿ ಸಮುದ್ರದಲ್ಲೇ ಉಳಿಯಿತು. ಎರಡು ವರ್ಷದ ನಂತರ ತೌಕ್ತೆ ನೇರವಾಗಿ ಅದೇ ತೀರಕ್ಕೆ ಬಂದಾಗ ಆ ರಾಜ್ಯ ಮತ್ತೆ ಜನರನ್ನು ಸ್ಥಳಾಂತರಿಸಿತು.

ಜನರ ನಂಬಿಕೆ ಉಳಿಯುವುದು ಲೆಕ್ಕ ಒಪ್ಪಿಸಿದಾಗ. ಚಂಡಮಾರುತ ಹೋದ ಮೇಲೆ ಜಿಲ್ಲಾಡಳಿತ ಮೂರು ಸಂಗತಿ ಹೇಳಬೇಕು. ಆದೇಶ ಹೊರಡಿಸಿದಾಗ ನಮಗೆ ಗೊತ್ತಿದ್ದದ್ದು ಇಷ್ಟು, ಕಡೆಗೆ ಆಗಿದ್ದು ಇಷ್ಟು, ಮುಂದಿನ ಬಾರಿ ಬದಲಿಸುವುದು ಇಷ್ಟು. ಡೊಂಬಿವಲಿಯ ನಿವಾಸಿಗೆ 70 ಕಿ.ಮೀ. ಅಂತರದ ಕಥೆ ತಿಳಿದಿದ್ದರೆ 'ಸುಮ್ಮನೆ ಹೆದರಿಸಿದರು' ಎಂಬ ಮಾತು ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ.

ಎರಡನೆಯದಾಗಿ, ಆದೇಶ ಊರಿಗೆ ತಕ್ಕಂತೆ ಇರಬೇಕು. ಉತ್ತನ್‌ಗೆ ಸ್ಥಳಾಂತರ, ವಾಶಿ-ಬೇಲಾಪುರಕ್ಕೆ ಭರತದ ವೇಳಾಪಟ್ಟಿ, ಕಲ್ಯಾಣ್-ಡೊಂಬಿವಲಿಗೆ ಅಪಾಯಕಾರಿ ಕಟ್ಟಡ ಮತ್ತು ಮರಗಳ ಪಟ್ಟಿ. ಇಡೀ ಮಹಾನಗರಕ್ಕೆ ಒಂದೇ ಬೀಗ ಹಾಕುವುದು ಸುಲಭ, ಆದರೆ ಜನ ಬೇಸರಪಡುವುದೂ ಅದಕ್ಕೇ.

ಮೂರನೆಯದು ದುಡ್ಡಿನ ವಿಷಯ. ಬೆಳೆ, ಮನೆ ಹಾನಿಗೆ ಪರಿಹಾರದ ನಿಯಮಗಳಿವೆ. ಸರ್ಕಾರದ ಮಾತು ಕೇಳಿ ಮನೆಯಲ್ಲಿ ಕೂತು ಕೂಲಿ ಕಳೆದುಕೊಂಡವರ ನಷ್ಟವೂ ಲೆಕ್ಕಕ್ಕೆ ಬರಬೇಕು. ಮುನ್ನೆಚ್ಚರಿಕೆಯ ಲಾಭ ಇಡೀ ಊರಿಗೆ ಸಿಗುತ್ತದೆ, ಅದರ ಖರ್ಚು ಮಾತ್ರ ಬಡವರ ಜೇಬಿನಿಂದ ಹೋಗುತ್ತದೆ ಎಂದಾದರೆ ಮುಂದಿನ ಬಾರಿ ಮೊದಲು ಆದೇಶ ಮುರಿಯುವವರೂ ಅವರೇ.

ಜೂನ್ 2ರಂದು ಗೊತ್ತಿದ್ದ ಮಾಹಿತಿಯ ಮೇಲೆ ನೋಡಿದರೆ ಮುನ್ನೆಚ್ಚರಿಕೆ ಸರಿಯೇ ಇತ್ತು. ಜೂನ್ 3ರ ಸಂಜೆಯ ಮೇಲೆ ಎಲ್ಲ ಊರಿಗೂ ಒಂದೇ ಅಳತೆಯಲ್ಲಿ ಅದನ್ನು ಮುಂದುವರಿಸಿದ್ದರ ಬಗ್ಗೆ ಪ್ರಶ್ನೆ ಕೇಳುವುದೂ ಸರಿಯೇ. ಥಾಣೆ, ಡೊಂಬಿವಲಿಗೆ ಏನೂ ಆಗಲಿಲ್ಲ ಎನ್ನುವವರು ಶ್ರೀವರ್ಧನದ ಅಡಿಕೆ ತೋಟಗಳನ್ನು ಒಮ್ಮೆ ನೆನಪಿಸಿಕೊಂಡರೆ ಸಾಕು.